ತಾದಾತ್ಮ್ಯ ನಿಯಮವೂ ವಸ್ತುಸತ್ತೆಯೂ: ಒಂದು ಚಾರಿತ್ರಿಕ ವಿಚಾರ

ತರ್ಕಶಾಸ್ತ್ರದ ಪ್ರಾರಂಭಿಕ ಗ್ರಂಥಗಳನ್ನು ಓದುವ ವಿದ್ಯಾರ್ಥಿಗಳಿಗೆ ಮೊತ್ತಮೊದಲು ಹೇಳಿಕೊಡುವ ನಿಯಮ, 'ಅ ಎಂಬುದು ಅ ಆಗಿದೆ' ಎಂಬುದು. ಕನ್ನಡದಲ್ಲಿ ಇದನ್ನು ತಾದಾತ್ಮ್ಯ ನಿಯಮವೆಂದೂ ಅನನ್ಯತಾ ನಿಯಮವೆಂದೂ ಕರೆಯುವ ರೂಢಿಯುಂಟು. ಘಟವು ಘಟವೇ, ಪಟವು ಪಟವೇ. ಇದರಲ್ಲಿ ವಿವಾದಕ್ಕೆ ಎಡೆಯೆಲ್ಲಿ ಎಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ಈ ನಿಯಮವು ಹೇಳುತ್ತಿರುವುದು ವಸ್ತುವಿನ ವಿಷಯವನ್ನೋ, ವಸ್ತುವನ್ನು ಕುರಿತ ನಮ್ಮ ಕಲ್ಪನೆಯ ವಿಷಯವನ್ನೋ ಎಂದು ಕೇಳಿದ ಕೂಡಲೇ ವಿವಾದ ಹುಟ್ಟುತ್ತದೆ. ಹೆಸರು, ಜಾತಿ, ಗುಣ ಮೊದಲಾದ ಕಲ್ಪನೆಗಳನ್ನೆಲ್ಲ ಕಳಚಿಟ್ಟ ಮೇಲೆಯೂ 'ಅದೇ ಇದು' ಎನ್ನಿಸಿಕೊಳ್ಳಬಲ್ಲ ವಸ್ತುವೊಂದು ಉಳಿಯುತ್ತದೆಯೇ? ಸಾವಿರದೈನೂರು ವರ್ಷಗಳಿಗೂ ಮಿಕ್ಕು ಈ ನೆಲದ ಪಂಡಿತರು ಚರ್ಚಿಸಿದ ಪ್ರಶ್ನೆಯಿದು.

ವೀರಶೈವ ದರ್ಶನವನ್ನು ಅಭ್ಯಾಸ ಮಾಡುವವರು ಇದನ್ನು ಒಣ ತರ್ಕವೆಂದು ಬದಿಗಿಡುವಂತಿಲ್ಲ. ಅಂಗವು ಲಿಂಗದೊಡನೆ ಸಮರಸವಾಗುತ್ತದೆ ಎಂಬುದು ನಮ್ಮ ಷಟ್‌ಸ್ಥಲ ಸಿದ್ಧಾಂತದ ಜೀವಾಳ. ಅಂಗಲಿಂಗಗಳು ಮೊದಲಿನಿಂದಲೂ ಒಂದೇ ಆಗಿದ್ದರೆ 'ಅಂಗವೇ ಲಿಂಗ' ಎಂಬ ಮಾತು 'ಘಟವೇ ಘಟ' ಎಂಬಷ್ಟೇ ಬರಿದಾದೀತು, ಸಾಧನೆಗೆ ಕೆಲಸವಿಲ್ಲ. ಅವೆರಡೂ ಬೇರೆಯಾಗಿದ್ದರೆ ಅದೇ ಮಾತು 'ಘಟವೇ ಪಟ' ಎಂಬಂತೆ ಅಸಂಭವವಾದೀತು, ಸಾಧನೆಗೆ ಫಲವಿಲ್ಲ. ತಾರ್ಕಿಕನು ಒಡ್ಡುವ ಈ ಇಕ್ಕಳವನ್ನು ಭಕ್ತಿಯ ಬಲದಿಂದ ದಾಟಬಹುದು. ಆದರೆ ದಾಟಿದವರು ಇಕ್ಕಳವನ್ನು ಕಂಡೇ ದಾಟಿದರೋ, ಕಾಣದೆ ದಾಟಿದರೋ ಎಂಬುದನ್ನು ಚರಿತ್ರಕಾರನು ವಿಚಾರಿಸಬೇಕಾಗುತ್ತದೆ.

ಪಾಶ್ಚಾತ್ಯರ ಕಥೆಯನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ಈ ನಿಯಮದ ಪಿತೃತ್ವವನ್ನು ಅರಿಸ್ಟಾಟಲನಿಗೆ ಕಟ್ಟುವುದು ವಾಡಿಕೆ. ವಾಸ್ತವವಾಗಿ ಅವನು ತನ್ನ 'ಮೆಟಫಿಸಿಕ್ಸ್' ಗ್ರಂಥದ ನಾಲ್ಕನೆಯ ಭಾಗದಲ್ಲಿ ವಿಸ್ತಾರವಾಗಿ ಸಮರ್ಥಿಸಿದ್ದು ವಿರೋಧ ನಿಯಮವನ್ನು; ಅಂದರೆ ಒಂದೇ ಧರ್ಮವು ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಒಂದೇ ದೃಷ್ಟಿಯಿಂದ ಇದ್ದೂ ಇಲ್ಲದೆಯೂ ಇರಲಾರದು ಎಂಬುದನ್ನು. 'ಅ ಎಂಬುದು ಅ' ಎಂಬ ಸೂತ್ರರೂಪವು ಪ್ರಾಮುಖ್ಯವನ್ನು ಪಡೆದದ್ದು ಬಹು ತಡವಾಗಿ. 1690ರಲ್ಲಿ ಜಾನ್ ಲಾಕ್ ತನ್ನ ಪ್ರಬಂಧದಲ್ಲಿ ಇಂಥ ವಾಕ್ಯಗಳು ನಮ್ಮ ಜ್ಞಾನಕ್ಕೆ ಏನನ್ನೂ ಕೂಡಿಸುವುದಿಲ್ಲವೆಂದು ತಳ್ಳಿಹಾಕಿದನು. ಅದಕ್ಕೆ ಉತ್ತರವಾಗಿ ಲೈಬ್ನಿಟ್ಸನು ಒಂದು ದೊಡ್ಡ ಗ್ರಂಥವನ್ನೇ ಬರೆದು, ಇವು ಬುದ್ಧಿಯ ಮೂಲಸತ್ಯಗಳೆಂದು ವಾದಿಸಿದನು. ಗ್ರಂಥವು ಸಿದ್ಧವಾಗುವ ವೇಳೆಗೆ, 1704ರಲ್ಲಿ, ಲಾಕ್ ತೀರಿಕೊಂಡದ್ದರಿಂದ ಅದನ್ನು ಅಚ್ಚಿಗೆ ಕೊಡದೆ ಬಿಟ್ಟನು. ಅದು ಬೆಳಕು ಕಂಡದ್ದು 1765ರಲ್ಲಿ. 1781ರಲ್ಲಿ ಕಾಂಟನು ನಾವು ಅರಿಯುವ ಜಗತ್ತು ನಮ್ಮ ಬುದ್ಧಿಯ ಪ್ರಕಾರಗಳಿಂದ ರೂಪುಗೊಂಡದ್ದೆಂದೂ, ಅವುಗಳಾಚೆಯ ನಿಜವಸ್ತುವು ಅಜ್ಞೇಯವೆಂದೂ ಹೇಳಿ ಪ್ರಶ್ನೆಯ ದಿಕ್ಕನ್ನೇ ತಿರುಗಿಸಿದನು. 1892ರಲ್ಲಿ ಫ್ರೇಗೆ ಎಂಬ ಜರ್ಮನ್ ಗಣಿತಜ್ಞನು ಬೆಳ್ಳಿಯೂ ಸಂಜೆಯ ನಕ್ಷತ್ರವೂ ಒಂದೇ ಗ್ರಹವೆಂಬ ತಿಳಿವಳಿಕೆಯನ್ನು ಉದಾಹರಿಸಿ, ವಸ್ತು ಒಂದಾಗಿದ್ದರೂ ಅದು ನಮಗೆ ತೋರುವ ಬಗೆ ಎರಡಾಗಿರುವುದರಿಂದಲೇ ಇಂಥ ಐಕ್ಯವಾಕ್ಯವು ಹೊಸತನ್ನು ಹೇಳಬಲ್ಲುದೆಂದು ತೋರಿಸಿದನು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಇದರ ತಿರುಳನ್ನು ಭಾರತದಲ್ಲಿ ಹನ್ನೆರಡು ಶತಮಾನಗಳ ಹಿಂದೆಯೇ ಒಬ್ಬರು ಹೇಳಿದ್ದರು.

ಅವರು ಬೌದ್ಧಾಚಾರ್ಯ ಧರ್ಮಕೀರ್ತಿ. ಅವರಿಗಿಂತ ಮುಂಚೆ, ಸುಮಾರು ಐದು-ಆರನೆಯ ಶತಮಾನದಲ್ಲಿ ಬಾಳಿದ ದಿಙ್ನಾಗನು ಈ ವಿಚಾರಕ್ಕೆ ತಳಪಾಯ ಹಾಕಿದನು. ಕಂಚಿಯ ಸಮೀಪದವನೆಂದು ಟಿಬೆಟ್ಟಿನ ಚರಿತ್ರಕಾರರು ಹೇಳುವ ಈತನ 'ಪ್ರಮಾಣಸಮುಚ್ಚಯ'ವು ಪ್ರಮಾಣಗಳು ಎರಡೇ ಎನ್ನುತ್ತದೆ: ಪ್ರತ್ಯಕ್ಷ ಮತ್ತು ಅನುಮಾನ. ಪ್ರಮೇಯಗಳೂ ಎರಡೇ: ಸ್ವಲಕ್ಷಣ ಮತ್ತು ಸಾಮಾನ್ಯಲಕ್ಷಣ. ಪ್ರತ್ಯಕ್ಷವೆಂದರೆ ನಾಮಜಾತ್ಯಾದಿ ಯೋಜನೆಯಿಲ್ಲದ, ಕಲ್ಪನೆ ಸೋಂಕದ ಅರಿವು. ಅದರ ವಿಷಯ ಸ್ವಲಕ್ಷಣ, ಎಂದರೆ ತನ್ನಂತೆ ತಾನೇ ಆಗಿರುವ, ಮತ್ತೊಂದರೊಡನೆ ಏನನ್ನೂ ಹಂಚಿಕೊಳ್ಳದ ಒಂದೊಂದೇ ವಸ್ತು. 'ಗೋವು' ಎಂದ ಕೂಡಲೇ ನಾವು ಕಲ್ಪನೆಯ ರಾಜ್ಯಕ್ಕೆ ಬಂದುಬಿಟ್ಟೆವು. ಆ ಶಬ್ದವು ಗೋವಿನಲ್ಲಿರುವ ಯಾವ ಭಾವರೂಪ ಸಾಮಾನ್ಯವನ್ನೂ ಹೇಳುವುದಿಲ್ಲ. ಗೋವಲ್ಲದ್ದನ್ನು ಹೊರಗಿಡುತ್ತದೆ, ಅಷ್ಟೆ. ಇದೇ ಪ್ರಸಿದ್ಧವಾದ ಅಪೋಹವಾದ. ಗೋವಲ್ಲದ್ದು ಯಾವುದೆಂದು ತಿಳಿಯಲು ಗೋವು ಯಾವುದೆಂದು ಮೊದಲೇ ತಿಳಿದಿರಬೇಡವೇ ಎಂದು ಕುಮಾರಿಲಭಟ್ಟನು 'ಶ್ಲೋಕವಾರ್ತಿಕ'ದಲ್ಲಿ ಕೇಳಿದ್ದು ಬಲವಾದ ಆಕ್ಷೇಪವೇ. ಎಂಟನೆಯ ಶತಮಾನದಲ್ಲಿ ಶಾಂತರಕ್ಷಿತನು 'ತತ್ತ್ವಸಂಗ್ರಹ'ದಲ್ಲಿ ಅದಕ್ಕೆ ದೀರ್ಘವಾದ ಉತ್ತರವನ್ನು ಕೊಟ್ಟಿದ್ದಾನೆ. ಆ ವಿಸ್ತಾರಕ್ಕೆ ಇಲ್ಲಿ ಹೋಗಬೇಕಾಗಿಲ್ಲ.

ಧರ್ಮಕೀರ್ತಿಯ ಕಾಲ ಸುಮಾರಾಗಿ ಏಳನೆಯ ಶತಮಾನ. 629ರಿಂದ 645ರವರೆಗೆ ಪ್ರವಾಸದಲ್ಲಿದ್ದ ಹ್ಯುಯೆನ್‌ತ್ಸಾಂಗನು ಇವನ ಹೆಸರೆತ್ತುವುದಿಲ್ಲ. ಶತಮಾನದ ಕೊನೆಯಲ್ಲಿ ಬಂದ ಇತ್ಸಿಂಗನು ಎತ್ತುತ್ತಾನೆ. ಕಾಲನಿರ್ಣಯಕ್ಕೆ ವಿದ್ವಾಂಸರು ಹಿಡಿದಿರುವ ಒಂದು ಎಳೆ ಇದು. ಕಲ್ಪನೆಯಾಚೆಗೆ ವಸ್ತುವುಂಟೇ ಎಂಬ ಪ್ರಶ್ನೆಗೆ ಧರ್ಮಕೀರ್ತಿಯ ಒರೆಗಲ್ಲು ಅರ್ಥಕ್ರಿಯಾಸಾಮರ್ಥ್ಯ: ಯಾವುದು ಕಾರ್ಯವನ್ನುಂಟುಮಾಡಬಲ್ಲುದೋ ಅದು ಸತ್ತು. ಬೆಂಕಿ ಸುಡುತ್ತದೆ, ಬೆಂಕಿಯೆಂಬ ಕಲ್ಪನೆ ಸುಡುವುದಿಲ್ಲ. ಹಾಗಾದರೆ ಕಲ್ಪನೆಯನ್ನು ನಂಬಿ ನಡೆದವನಿಗೆ ವಸ್ತು ದೊರಕುವುದೆಂತು? ಇದಕ್ಕೆ ಅವನು ಕೊಡುವ ದೃಷ್ಟಾಂತ ಮನೋಹರವಾದುದು. ಒಬ್ಬನು ಮಣಿಯ ಪ್ರಭೆಯನ್ನು ಕಂಡು ಅದನ್ನೇ ಮಣಿಯೆಂದು ಭ್ರಮಿಸಿ ಓಡುತ್ತಾನೆ. ಇನ್ನೊಬ್ಬನು ದೀಪದ ಪ್ರಭೆಯನ್ನು ಮಣಿಯೆಂದು ಭ್ರಮಿಸಿ ಓಡುತ್ತಾನೆ. ಇಬ್ಬರದೂ ಭ್ರಾಂತಿಯೇ. ಆದರೆ ಮೊದಲನೆಯವನಿಗೆ ಮಣಿ ಸಿಕ್ಕುತ್ತದೆ. ಪ್ರಭೆಗೂ ಮಣಿಗೂ ಸಂಬಂಧವಿರುವಂತೆ ಕೆಲವು ಕಲ್ಪನೆಗಳಿಗೂ ವಸ್ತುವಿಗೂ ಸಂಬಂಧವಿದೆ. ಅನುಮಾನದ ಪ್ರಾಮಾಣ್ಯವು ಇಷ್ಟರಲ್ಲೇ ಇದೆ.

ಧರ್ಮಕೀರ್ತಿಯು 'ತಾದಾತ್ಮ್ಯ' ಎಂಬ ಶಬ್ದವನ್ನು ಬಳಸುವುದು ನಮ್ಮ ಪಠ್ಯಪುಸ್ತಕಗಳ ಅರ್ಥದಲ್ಲಲ್ಲ. 'ಇದು ವೃಕ್ಷ, ಶಿಂಶಪೆಯಾಗಿರುವುದರಿಂದ' ಎಂಬ ಅನುಮಾನದಲ್ಲಿ ಶಿಂಶಪೆ, ವೃಕ್ಷ ಎಂಬ ಎರಡು ಕಲ್ಪನೆಗಳಿವೆ. ಅವು ಕೈತೋರುವ ವಸ್ತು ಮಾತ್ರ ಒಂದೇ. ಈ ಏಕವಸ್ತುತ್ವವನ್ನೇ ಅವನು ತಾದಾತ್ಮ್ಯವೆಂದದ್ದು. 'ಅ ಎಂಬುದು ಅ' ಎಂಬಲ್ಲಿ ಒಂದೇ ಕಲ್ಪನೆಯ ಪುನರುಕ್ತಿಯಿದ್ದರೆ, ಇಲ್ಲಿ ಭಿನ್ನಕಲ್ಪನೆಗಳ ಅಡಿಯಲ್ಲಿ ಒಂದೇ ವಸ್ತುವಿದೆ. ಫ್ರೇಗೆಯ ನಕ್ಷತ್ರದ ಮಾತಿಗೆ ಇದು ಎಷ್ಟು ಹತ್ತಿರವಾಗಿದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಬೌದ್ಧರ ತರ್ಕವು ನಿಜವಾಗಿ ಮೈನವಿರೇಳಿಸುವುದು ಇದರ ಮುಂದಿನ ಹೆಜ್ಜೆಯಲ್ಲಿ. ವಸ್ತುವು ತಾನು ತಾನೇ ಆಗಿರಬೇಕು ಎಂಬ ನಿಯಮವನ್ನು ಕೊನೆಯವರೆಗೂ ಹಿಡಿದು ನಡೆದರೆ ಏನಾಗುತ್ತದೆ? ಕಣಜದಲ್ಲಿರುವ ಬೀಜವನ್ನು ತೆಗೆದುಕೊಳ್ಳಿ. ಅದಕ್ಕೆ ಮೊಳೆಯುವ ಸಾಮರ್ಥ್ಯವಿದೆಯೇ, ಇಲ್ಲವೇ? ಇದ್ದರೆ ಕಣಜದಲ್ಲೇ ಏಕೆ ಮೊಳೆಯಲಿಲ್ಲ? ಇಲ್ಲದಿದ್ದರೆ ಹೊಲದಲ್ಲಿ ಏಕೆ ಮೊಳೆಯಿತು? ಸಾಮರ್ಥ್ಯವೂ ಅಸಾಮರ್ಥ್ಯವೂ ಒಂದೇ ವಸ್ತುವಿನಲ್ಲಿ ಇರಲಾರವು. ಆದ್ದರಿಂದ ಕಣಜದ ಬೀಜವೇ ಬೇರೆ, ಹೊಲದ ಬೀಜವೇ ಬೇರೆ. 'ಅದೇ ಬೀಜ' ಎಂಬುದು ಸದೃಶವಾದ ಕ್ಷಣಗಳ ಸಾಲಿನ ಮೇಲೆ ನಾವು ಹೊದಿಸಿದ ಕಲ್ಪನೆ. ಸತ್ತಾದುದೆಲ್ಲವೂ ಕ್ಷಣಿಕ. ಹತ್ತನೆಯ ಶತಮಾನದ ಉತ್ತರಾರ್ಧದಿಂದ ವಿಕ್ರಮಶೀಲಾ ವಿಹಾರದಲ್ಲಿ ಜ್ಞಾನಶ್ರೀಮಿತ್ರ, ರತ್ನಕೀರ್ತಿ ಎಂಬ ಪಂಡಿತರು ಈ ವಾದವನ್ನು ಸೂಕ್ಷ್ಮತೆಯ ತುತ್ತತುದಿಗೆ ಒಯ್ದರು. ಸ್ಥಿರತೆಯ ಕಾವಲುಗಾರನೆಂದು ನಾವು ಬಗೆದಿದ್ದ ನಿಯಮವೇ ಸ್ಥಿರವಸ್ತುವನ್ನೆಲ್ಲ ಕಬಳಿಸಿದ ಕಥೆಯಿದು! ಪಾಶ್ಚಾತ್ಯ ಚರಿತ್ರೆಯಲ್ಲಿ ತಾದಾತ್ಮ್ಯ ನಿಯಮವು ನಿತ್ಯದ್ರವ್ಯದ ಪಕ್ಷಪಾತಿಯಾಗಿ ನಿಂತದ್ದೇ ಹೆಚ್ಚು. ಆದುದರಿಂದ ಬೌದ್ಧರ ಈ ತಿರುವು ಜಗತ್ತಿನ ತರ್ಕಚರಿತ್ರೆಯಲ್ಲೇ ವಿಲಕ್ಷಣವಾದುದೆಂದು ನನ್ನ ಎಣಿಕೆ.

ನೈಯಾಯಿಕರು ಸುಮ್ಮನಿರಲಿಲ್ಲ. ಷಟ್ಪದಾರ್ಥಗಳೆಲ್ಲಕ್ಕೂ ಅಸ್ತಿತ್ವದ ಜೊತೆಗೆ ಜ್ಞೇಯತ್ವವೂ ಅಭಿಧೇಯತ್ವವೂ ಇವೆಯೆಂದು ವೈಶೇಷಿಕದ ಪ್ರಶಸ್ತಪಾದನು ಮೊದಲೇ ಸಾರಿದ್ದನು. ಇದ್ದದ್ದನ್ನು ಅರಿಯಬಹುದು, ಅರಿತದ್ದನ್ನು ಹೆಸರಿಸಬಹುದು. ಹೆಸರು ವಸ್ತುವನ್ನು ಸೃಷ್ಟಿಸುವುದಿಲ್ಲ, ಮುಚ್ಚುವುದೂ ಇಲ್ಲ. ಶಕ 906ರಲ್ಲಿ, ಅಂದರೆ ಕ್ರಿ.ಶ. 984ರಲ್ಲಿ 'ಲಕ್ಷಣಾವಳಿ'ಯನ್ನು ಮುಗಿಸಿದ ಉದಯನಾಚಾರ್ಯನು 'ಆತ್ಮತತ್ತ್ವವಿವೇಕ'ದಲ್ಲಿ ಬೀಜದ ವಾದಕ್ಕೆ ನೇರವಾಗಿ ಉತ್ತರಿಸಿದ್ದಾನೆ. ಸಾಮರ್ಥ್ಯವೆಂಬ ಒಂದೇ ಮಾತಿನಲ್ಲಿ ಎರಡು ಅರ್ಥಗಳು ಅಡಗಿವೆ: ಬೀಜಕ್ಕೆ ಸ್ವರೂಪದಿಂದ ಬಂದ ಯೋಗ್ಯತೆ ಒಂದು, ಮಣ್ಣು ನೀರು ಮೊದಲಾದ ಸಹಕಾರಿಗಳು ಕೂಡಿದಾಗ ಕಾರ್ಯವನ್ನು ಮಾಡುವುದು ಇನ್ನೊಂದು. ಕಣಜದಲ್ಲಿ ಮೊದಲನೆಯದಿದೆ, ಎರಡನೆಯದಿಲ್ಲ. ಹೊಲದಲ್ಲಿ ಎರಡೂ ಇವೆ. ಇದರಲ್ಲಿ ವಿರೋಧವೇನು? ಆದ್ದರಿಂದ 'ಅದೇ ಬೀಜ' ಎಂಬ ಪ್ರತ್ಯಭಿಜ್ಞೆಯನ್ನು ಭ್ರಾಂತಿಯೆಂದು ಅಲ್ಲಗಳೆಯಲು ಕಾರಣವಿಲ್ಲ. ರೈತನೂ ಇದೇ ಪಕ್ಷದವನೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಕನ್ನಡ ನಾಡಿನ ಕಡೆಗೆ ಬರೋಣ. ಧರ್ಮಕೀರ್ತಿಯ ಹರಿತವಾದ ಪರಿಹಾಸವೊಂದು ಜೈನರ ಅನೇಕಾಂತವಾದವನ್ನು ಕುರಿತದ್ದು. ಪ್ರತಿಯೊಂದು ವಸ್ತುವೂ ಸಾಮಾನ್ಯರೂಪವೂ ವಿಶೇಷರೂಪವೂ ಆಗಿದ್ದು, ಸ್ವಪರಭೇದವು ಕಡೆಯದಲ್ಲವೆಂದಾದರೆ, ಮೊಸರನ್ನು ತಿನ್ನು ಎಂದು ಅಪ್ಪಣೆಯಾದವನು ಒಂಟೆಯತ್ತ ಏಕೆ ಓಡುವುದಿಲ್ಲ? ಓಡದಂತೆ ತಡೆಯುವ ಅತಿಶಯವೊಂದು ಮೊಸರಿನಲ್ಲಿ ಇದೆಯೆಂದರೆ, ಆ ಅತಿಶಯವೇ ಮೊಸರು. ಉಭಯರೂಪವೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು. 'ಮೊಸರು ಮೊಸರೇ' ಎಂಬ ತಾದಾತ್ಮ್ಯ ನಿಯಮವನ್ನು ಇಷ್ಟು ಮೊನಚಾಗಿ ಪ್ರಯೋಗಿಸಿದ ಮತ್ತೊಂದು ಸಂದರ್ಭ ನಮ್ಮ ಶಾಸ್ತ್ರಗಳಲ್ಲಿ ಅಪರೂಪ.

ಇದಕ್ಕೆ ಉತ್ತರ ಕೊಟ್ಟವನು ಎಂಟನೆಯ ಶತಮಾನದ ಭಟ್ಟಾಕಲಂಕ. ಪೂರ್ವಪಕ್ಷವನ್ನೇ ಅರಿಯದೆ ಆಕ್ಷೇಪಿಸುವುದು ದೂಷಕನ ಕೆಲಸವಲ್ಲ, ವಿದೂಷಕನದು ಎಂದು 'ನ್ಯಾಯವಿನಿಶ್ಚಯ'ದಲ್ಲಿ ಪದದ ಮೇಲೆ ಆಟವಾಡಿ, ಬೌದ್ಧರ ಜಾತಕಕಥೆಗಳನ್ನೇ ಬೌದ್ಧರ ಮೇಲೆ ತಿರುಗಿಸುತ್ತಾನೆ. ಹಿಂದಿನ ಜನ್ಮದಲ್ಲಿ ಸುಗತನು ಜಿಂಕೆಯಾಗಿದ್ದನು. ಆ ಜಿಂಕೆಯೇ ಮುಂದೆ ಸುಗತನಾಯಿತು. ಆದರೂ ಸುಗತನು ವಂದ್ಯನೆಂದೂ ಜಿಂಕೆಯು ಖಾದ್ಯವೆಂದೂ ಜನ ಬಗೆಯುವರಲ್ಲವೇ? ಅವಸ್ಥಾಭೇದದಿಂದ ವ್ಯವಹಾರಭೇದ ಸಿದ್ಧಿಸುವಂತೆ ವಸ್ತುಬಲದಿಂದಲೇ ಮೊಸರು ಒಂಟೆಗಳ ಭೇದವೂ ಸಿದ್ಧಿಸುತ್ತದೆ. ಅಕಲಂಕನ ಉತ್ತರವು ಚಮತ್ಕಾರಕ್ಕೆ ನಿಲ್ಲುವುದಿಲ್ಲ. ಸಂತಾನದ ಏಕತ್ವವನ್ನು ಕಲ್ಪಿತವೆಂದು ಹೇಳುತ್ತಲೇ ಬೋಧಿಸತ್ತ್ವನ ಸಾಧನೆಗೆ ಬುದ್ಧನಿಗೆ ಫಲ ದೊರೆಯಿತೆನ್ನುವ ಎದುರಾಳಿಯ ಮರ್ಮವನ್ನೇ ಅದು ಮುಟ್ಟುತ್ತದೆ. ಸಾಧಕನೂ ಸಿದ್ಧನೂ ಒಬ್ಬನೇ ಹೌದೋ ಅಲ್ಲವೋ?

ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿರುವ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ, ಘಟದಲ್ಲಿ ಅಡಗಿದ್ದ ತಾರಾದೇವಿಯನ್ನು ಬೌದ್ಧರ ಸಮೇತ ಅಕಲಂಕನು ಗೆದ್ದ ವಿಚಾರವೂ, ಹಿಮಶೀತಲನೆಂಬ ಅರಸನ ಸಭೆಯ ಪ್ರಸಂಗವೂ ಬರುತ್ತವೆ. ಅಲ್ಲಿ ಹೆಸರಿಸಿರುವ ಸಾಹಸತುಂಗನು ರಾಷ್ಟ್ರಕೂಟ ದಂತಿದುರ್ಗನೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಘಟದೊಳಗಿನ ದೇವತೆಯ ಕಥೆಯನ್ನು ಚರಿತ್ರೆಯೆಂದು ಅಂಗೀಕರಿಸುವುದು ಕಷ್ಟ. ಮೊಸರಿನ ವಾದವಂತೂ ಯಾವ ಸಭೆಯಲ್ಲೂ ನಡೆದ ಮುಖಾಮುಖಿಯಲ್ಲ. ಧರ್ಮಕೀರ್ತಿ ತೀರಿಕೊಂಡು ಬಹುಕಾಲವಾದ ಮೇಲೆ ಗ್ರಂಥವು ಗ್ರಂಥಕ್ಕೆ ಕೊಟ್ಟ ಉತ್ತರ. ಅಂತೂ ನಾಲ್ಕು ಶತಮಾನಗಳ ಬಳಿಕವೂ ಕನ್ನಡ ನೆಲದ ಕಲ್ಲಿನ ಮೇಲೆ ಬರೆಯಿಸುವಷ್ಟು ಆ ವಾದಪರಂಪರೆಯ ನೆನಪು ಹಸಿರಾಗಿತ್ತೆಂಬುದು ನಿರ್ವಿವಾದ.

ಇದು ಶರಣರ ಕಾಲಕ್ಕೂ ದೂರದ ಮಾತಲ್ಲ. 'ನ್ಯಾಯವಿನಿಶ್ಚಯ'ಕ್ಕೆ ವಿಸ್ತಾರವಾದ ವಿವರಣವನ್ನು ಬರೆದ ವಾದಿರಾಜನು ಚಾಲುಕ್ಯ ಜಯಸಿಂಹನ ಆಳ್ವಿಕೆಯಲ್ಲಿದ್ದವನು. ಅವನ 'ಪಾರ್ಶ್ವನಾಥಚರಿತ' ಮುಗಿದದ್ದು 1025ರಲ್ಲಿ. ಬಳ್ಳಿಗಾವೆಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಬೌದ್ಧವಿಹಾರವೊಂದು ನಿರ್ಮಾಣವಾಯಿತು. ಡಂಬಳದ ವಿಹಾರಗಳನ್ನು ಕುರಿತ ಶಾಸನ 1095ರದು. ಇವೆಲ್ಲಕ್ಕಿಂತ ನಮಗೆ ಮುಖ್ಯವಾದುದು ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ. ಕಾಳಾಮುಖ ಶೈವರ ಆ ಮಠದಲ್ಲಿ ವ್ಯಾಖ್ಯಾನವಾಗುತ್ತಿದ್ದ ದರ್ಶನಗಳ ಪಟ್ಟಿಯಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧವೂ ಸೇರಿದೆ. ಅದು ಬಿಜ್ಜಳನ ಕಾಲ. ಕಲ್ಯಾಣದಲ್ಲಿ ಅನುಭವಮಂಟಪದ ಕಾಲ. ಶರಣರಲ್ಲಿ ಯಾರು ಯಾವ ಗ್ರಂಥವನ್ನು ಓದಿದ್ದರೆಂದು ಹೇಳಲು ಆಧಾರ ಸಾಲದು. ಆದರೆ ಈ ಚರ್ಚೆಯ ಗಾಳಿಯೇ ಸೋಕದ ನಾಡಿನಲ್ಲಿ ಅವರು ಇದ್ದರೆಂದು ಊಹಿಸುವುದು ಸರಿಯಾಗದು.

ಇಲ್ಲಿ ಸಾಹಿತ್ಯ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ವಚನಗಳ 'ಶೂನ್ಯ', 'ಬಯಲು' ಎಂಬ ಪದಗಳನ್ನು ಕಂಡೊಡನೆ ಬೌದ್ಧಪ್ರಭಾವವೆಂದು ಬರೆದುಬಿಡುವ ಆತುರ ಈಚಿನ ಕೆಲವು ಲೇಖನಗಳಲ್ಲಿ ಕಾಣುತ್ತದೆ. ಮಾತಿಗೆ ನಿಲುಕದ್ದು ಎಂಬಷ್ಟರಲ್ಲಿ ಅಲ್ಲಮಪ್ರಭುವಿನ ಬಯಲಿಗೂ ದಿಙ್ನಾಗನ ಸ್ವಲಕ್ಷಣಕ್ಕೂ ಹೋಲಿಕೆಯುಂಟು, ನಿಜ. ಆದರೆ ಸ್ವಲಕ್ಷಣವು ಕ್ಷಣಕ್ಷಣಕ್ಕೂ ಬೇರೆಯಾದ ಬಿಡಿವಸ್ತು. ಬಯಲು ಬಿಡಿಯೂ ಅಲ್ಲ, ಕ್ಷಣಿಕವೂ ಅಲ್ಲ. ನಾಗಾರ್ಜುನನ ಶೂನ್ಯವು ಸ್ವಭಾವದ ನಿಷೇಧ. ಶರಣರ ಶೂನ್ಯವು ಸಂಪಾದಿಸಬೇಕಾದ ಪೂರ್ಣಪದವಿ. ಹದಿನೈದನೆಯ ಶತಮಾನದಿಂದ ಮೊದಲ್ಗೊಂಡು ಸಂಕಲನಗೊಂಡ ಗ್ರಂಥಕ್ಕೆ 'ಶೂನ್ಯಸಂಪಾದನೆ' ಎಂಬ ಹೆಸರನ್ನಿಟ್ಟವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ತರ್ಕದ ಇಕ್ಕಳವನ್ನು ಶಾಸ್ತ್ರೀಯವಾಗಿ ಎದುರಿಸಿದವರು ಶ್ರೀಪತಿಪಂಡಿತರು. ಬ್ರಹ್ಮಸೂತ್ರಗಳಿಗೆ ಅವರು ರಚಿಸಿದ 'ಶ್ರೀಕರಭಾಷ್ಯ'ವನ್ನು ಸಿ. ಹಯವದನರಾಯರು 1936ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿ ಉಪಕಾರ ಮಾಡಿದರು. ಭೇದಶ್ರುತಿ ಅಭೇದಶ್ರುತಿಗಳೆರಡಕ್ಕೂ ಸಮಪ್ರಾಮಾಣ್ಯವನ್ನು ಒಪ್ಪುವ ಈ ಭಾಷ್ಯದ ಪಕ್ಷ ಭೇದಾಭೇದ. ಆದರೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಜೈನಮತವನ್ನು ನಿರಾಕರಿಸುವ ಅಧಿಕರಣವೊಂದಿದೆ. ವಿರುದ್ಧಧರ್ಮಗಳು ಒಂದೇ ವಸ್ತುವಿನಲ್ಲಿ ಸಂಭವಿಸವು ಎಂಬುದು ಅಲ್ಲಿಯ ಹೇತು. ಅನೇಕಾಂತಕ್ಕೆ ಈ ಬಾಣವನ್ನು ಬಿಟ್ಟ ಭಾಷ್ಯಕಾರನು ಭೇದಾಭೇದವಾದಿಯಾಗಿದ್ದರೆ ಅದೇ ಬಾಣ ತನ್ನತ್ತ ತಿರುಗದಂತೆ ನೋಡಿಕೊಳ್ಳಬೇಕಾಗುತ್ತದೆ. ಧರ್ಮಕೀರ್ತಿಯ ಒಂಟೆಯು ಇಲ್ಲಿ ವೀರಶೈವನ ಬಾಗಿಲಿಗೇ ಬಂದು ನಿಲ್ಲುತ್ತದೆ.

ಇದಕ್ಕೆ ನಮ್ಮ ಪರಂಪರೆಯಲ್ಲಿ ಎರಡು ದಾರಿಗಳಿವೆ. ಒಂದು ಅವಸ್ಥಾಭೇದದ ದಾರಿ: ಬಂಧದಲ್ಲಿ ಭೇದ, ಮುಕ್ತಿಯಲ್ಲಿ ಅಭೇದ, ನದಿಯು ಸಮುದ್ರವನ್ನು ಸೇರುವಂತೆ, ಕೀಟವು ಭ್ರಮರವಾಗುವಂತೆ. ಕಾಲವು ಬೇರೆಯಾದ್ದರಿಂದ ವಿರೋಧ ತಪ್ಪಿತು. ಆದರೆ ಕಣಜದ ಬೀಜದ ಪ್ರಶ್ನೆ ಹಾಗೆಯೇ ಉಳಿಯಿತು: ಭಿನ್ನನಾಗಿದ್ದವನೂ ಅಭಿನ್ನನಾದವನೂ ಒಬ್ಬನೇ ಎನ್ನಲು ಏನು ಆಧಾರ? ಭ್ರಮರಕೀಟ ನ್ಯಾಯವನ್ನು ಕುರಿತು ಪ್ರಾಣಿಶಾಸ್ತ್ರಜ್ಞರು ಹೇಳುವುದೇ ಬೇರೆ. ಕಣಜದ ಹುಳುವು ಗೂಡಿನಲ್ಲಿ ತಂದಿಟ್ಟ ಕೀಟವು ತಾನೇ ಮಾರ್ಪಡುವುದಿಲ್ಲ. ಕಣಜದ ಮರಿಯು ಅದನ್ನು ತಿಂದು ಬೆಳೆದು ಹೊರಬರುತ್ತದೆ. ದೃಷ್ಟಾಂತವನ್ನು ಕೊಟ್ಟವರ ಉದ್ದೇಶ ಏಕಾಗ್ರಧ್ಯಾನದ ಮಹಿಮೆಯನ್ನು ತಿಳಿಸುವುದಾದ್ದರಿಂದ ಅದಕ್ಕೆ ಇದರಿಂದ ಹಾನಿಯಿಲ್ಲ. ಆದರೆ ತಾದಾತ್ಮ್ಯಕ್ಕೆ ಪ್ರಮಾಣವಾಗಿ ಅದನ್ನು ಬಳಸುವವರು ಎರಡು ಬಾರಿ ಯೋಚಿಸಬೇಕು.

ಇನ್ನೊಂದು ಶಕ್ತಿವಿಶಿಷ್ಟತೆಯ ದಾರಿ. ಚಂದ್ರನಲ್ಲಿ ಬೆಳದಿಂಗಳು ನೆಲೆಗೊಂಡಂತೆ ವಿಮರ್ಶರೂಪವಾದ ಶಕ್ತಿಯು ಶಿವನಲ್ಲಿ ನೆಲೆಗೊಂಡಿದೆಯೆಂಬ ಆಶಯ 'ಸಿದ್ಧಾಂತಶಿಖಾಮಣಿ'ಯಲ್ಲಿ ಬರುತ್ತದೆ. ಚಂದ್ರ, ಚಂದ್ರಿಕೆ ಎಂದು ಎರಡಾಗಿ ಹೇಳುತ್ತೇವೆ, ಬೇರ್ಪಡಿಸಿ ತೋರಿಸಲಾರೆವು. ಹಾಗಾದರೆ ಇದು ಧರ್ಮಕೀರ್ತಿಯ ತಾದಾತ್ಮ್ಯವೇ? ಕಲ್ಪನೆ ಎರಡು, ವಸ್ತು ಒಂದು ಎಂದೇ? ಹಾಗೆ ಒಪ್ಪಿದರೆ ಶಕ್ತಿಯು ಬರಿಯ ಕಲ್ಪನಾಭೇದವಾಗಿ, ಶಕ್ತಿಪರಿಣಾಮವಾದ ಜಗತ್ತೂ ಕಲ್ಪನೆಯೇ ಆಗಿಬಿಡುತ್ತದೆ. ಜಗತ್ತನ್ನು ಮಿಥ್ಯೆಯೆನ್ನದ ವೀರಶೈವರಿಗೆ, ಕಾಯಕಕ್ಕೂ ದಾಸೋಹಕ್ಕೂ ಬೆಲೆಕಟ್ಟಿದವರಿಗೆ ಇದು ಸಮ್ಮತವಾಗಲಾರದು. ಆದುದರಿಂದ ಶಕ್ತಿಯು ಸತ್ಯವಾಗಿರಬೇಕು, ಶಿವನಿಂದ ಅಗಲದೆಯೂ ಇರಬೇಕು. ಜಗತ್ತಿನ ವಿಷಯದಲ್ಲಿ ನಮ್ಮವರು ಉದಯನನ ಪಕ್ಕದಲ್ಲಿ ನಿಲ್ಲುತ್ತಾರೆ: ವಸ್ತುವು ಹೆಸರಿನಿಂದ ಹುಟ್ಟಿದ್ದಲ್ಲ. ಪರತತ್ತ್ವದ ವಿಷಯದಲ್ಲಿ ದಿಙ್ನಾಗನ ಮಾತಿನ ಹತ್ತಿರಕ್ಕೆ ಬರುತ್ತಾರೆ: ಹೆಸರು ಅದನ್ನು ಮುಟ್ಟದು. ಈ ಎರಡನ್ನೂ ಒಟ್ಟಿಗೆ ಹಿಡಿಯುವ ಪದ 'ಸಾಮರಸ್ಯ'. ಎರಡರ ರಸ ಒಂದಾಯಿತೆಂದು ಅದು ಹೇಳುತ್ತದೆಯೇ ಹೊರತು, ಎಣಿಕೆಯಲ್ಲಿ ಎರಡು ಒಂದಾಯಿತೆಂದು ಹೇಳುವುದಿಲ್ಲ. ಉರಿಯುಂಡ ಕರ್ಪೂರದ ದೃಷ್ಟಾಂತದಲ್ಲಿ ಕೊನೆಗೆ ಉರಿಯೂ ಉಳಿಯುವುದಿಲ್ಲ, ಕರ್ಪೂರವೂ ಉಳಿಯುವುದಿಲ್ಲ. ಎಣಿಸುವುದಕ್ಕೆ ಏನೂ ಇಲ್ಲದಲ್ಲಿ 'ಅದೇ ಇದು' ಎಂಬ ವಾಕ್ಯಕ್ಕೂ ಇಂಬಿಲ್ಲ. ಭ್ರಮರಕೀಟಕ್ಕಿಂತ ಈ ದೃಷ್ಟಾಂತವೇ ಹೆಚ್ಚು ಗಟ್ಟಿಯಾದುದೆಂದು ನನಗೆ ತೋರುತ್ತದೆ.

ಈ ಚರ್ಚೆಯನ್ನು ಮೂಲದಲ್ಲೇ ಓದಬಯಸುವವರಿಗೆ ಈಗ ಸಾಮಗ್ರಿಯ ಕೊರತೆಯಿಲ್ಲ. ದಿಙ್ನಾಗನ ಗ್ರಂಥದ ಸಂಸ್ಕೃತಮೂಲ ಕಣ್ಮರೆಯಾಗಿದ್ದಾಗ, ಮೈಸೂರಿನ ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಟಿಬೆಟ್ ಭಾಷಾಂತರದಿಂದ ಅದರ ಮೊದಲನೆಯ ಪರಿಚ್ಛೇದವನ್ನು ಸಂಸ್ಕೃತಕ್ಕೆ ಮರಳಿಸಿದರು. ಮೈಸೂರು ವಿಶ್ವವಿದ್ಯಾನಿಲಯದಿಂದ 1930ರಲ್ಲಿ ಅದು ಅಚ್ಚಾಯಿತು. ಅದೇ ಕಾಲದಲ್ಲಿ ಲೆನಿನ್‌ಗ್ರಾಡಿನಲ್ಲಿ ಷ್ಚೆರ್ಬಾಟ್ಸ್ಕಿ ಎಂಬ ರಷ್ಯನ್ ವಿದ್ವಾಂಸರ ಬೌದ್ಧತರ್ಕದ ಮಹಾಗ್ರಂಥವು 1930-32ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ಮಠಗಳಲ್ಲಿ ಹುಡುಕಿ ತೆಗೆದ 'ಪ್ರಮಾಣವಾರ್ತಿಕ'ದ ಸಂಸ್ಕೃತಪಾಠ 1938ರಲ್ಲಿ ಪ್ರಕಟವಾಯಿತು. 'ಪ್ರಮಾಣಸಮುಚ್ಚಯ'ಕ್ಕೆ ಜಿನೇಂದ್ರಬುದ್ಧಿಯು ಬರೆದ ಟೀಕೆಯ ಮೊದಲನೆಯ ಪರಿಚ್ಛೇದವು 2005ರಲ್ಲಿ ಸಂಸ್ಕೃತದಲ್ಲೇ ಬೆಳಕು ಕಂಡಿದೆ. ಅಯ್ಯಂಗಾರ್ಯರ ಪುನಾರಚನೆಯನ್ನು ಇದರೊಡನೆ ಹೋಲಿಸಿ ನೋಡುವುದು ಕನ್ನಡಿಗರು ಮಾಡಬಹುದಾದ ಕೆಲಸ. 'ಶ್ರೀಕರಭಾಷ್ಯ'ದ ಜೈನಮತ ನಿರಾಕರಣದ ಅಧಿಕರಣವನ್ನು ವಾದಿರಾಜನ ವಿವರಣದ ಪಕ್ಕದಲ್ಲಿಟ್ಟು ಓದುವುದು ಇನ್ನೊಂದು.